ತ್ರೀ ಫೇಸ್ ವೀರ ಮತ್ತು ಎರಡು ಹೆಸರು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ನನಗೆ ಫೋನ್ ಮಾಡಿ, ‘ನೀನು ಸಾಫ್ಟ್‌ವೇರ್‌ನಲ್ಲಿ ಇದ್ದೀಯಲ್ಲಪ್ಪ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು’ ಅಂದರು. ‘ಅದು ಮಕ್ಕಳಿಗೇ ನನಗಿಂತ ಚೆನ್ನಾಗಿ ಗೊತ್ತು ಸಾರ್, ನಾನು ಬೇರೆ ವಿಷಯ ಮಾತಾಡ್ತೀನಿ’ ಅಂದೆ. ‘ಯಾವ ವಿಷಯ?’ ‘ಕಾಮಿಕ್ಸ್.’ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ‘ಇಪ್ಪತ್ತು ನಿಮಿಷಕ್ಕೆ ಮುಗಿಸಬೇಕು’ ಅಂದರು.

ನಗಬೇಡಿ. ಈ ಶಾಲೆಗೆ ಬಂದು ನಾನು ಹೇಳಲೇಬೇಕಾದ ಒಂದು ಮಾತಿದೆ. ಅದನ್ನು ಹೇಳಬೇಕಾದರೆ ಕಾಮಿಕ್ಸ್ ಮೂಲಕವೇ ಬರಬೇಕು.

ನನಗೆ ಈಗ ಮೂವತ್ತಾರು ವರ್ಷ. ಮದುವೆಯಾಗಿದೆ, ಮಗಳಿದ್ದಾಳೆ. ಆದರೂ ಮನೆಯ ಒಂದು ಕೋಣೆಯ ತುಂಬ ಸೂಪರ್‌ಹೀರೋ ಕಾಮಿಕ್ಸ್ ಇಟ್ಟುಕೊಂಡಿದ್ದೇನೆ. ಸುಮಾರು 1,400 ಪುಸ್ತಕ. ನಮ್ಮಮ್ಮ ಬೆಂಗಳೂರಿಗೆ ಬಂದಾಗಲೆಲ್ಲ ಆ ಕೋಣೆಯ ಬಾಗಿಲಲ್ಲಿ ನಿಂತು, ‘ಇಷ್ಟ್ ದುಡ್ಡಿಗೆ ಎರಡು ಹಸು ಬರ್ತಿದ್ವು’ ಅನ್ನುತ್ತಾರೆ. ಲೆಕ್ಕ ಹಾಕಿದರೆ ಎರಡಕ್ಕಿಂತ ಹೆಚ್ಚೇ ಬರುತ್ತವೆ. ಅದನ್ನು ಅವರಿಗೆ ಹೇಳಿಲ್ಲ.

ಈ ಹುಚ್ಚು ಶುರುವಾಗಿದ್ದು ಒಂದು ಇಲಿಯಿಂದ. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ, ‘ಬಾಲಮಂಗಳ’ದ ಡಿಂಗ. ಕಾಡಿನಲ್ಲಿ ಯಾರಿಗೆ ಕಷ್ಟ ಬಂದರೂ ಹಾರಿ ಬರುವ ಇಲಿ. ಬಸ್‌ಸ್ಟ್ಯಾಂಡಿನ ಅಂಗಡಿಗೆ ಒಂದೇ ಒಂದು ಪ್ರತಿ ಬಂದರೂ ಅದನ್ನು ಹತ್ತು ಜನ ಓದುತ್ತಿದ್ದೆವು. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾಯಿತು. ಟಿ.ವಿ. ಇದ್ದ ಮನೆಯ ಜಗಲಿಯಲ್ಲಿ ಅರ್ಧ ಊರಿನ ಮಕ್ಕಳು ಇರುತ್ತಿದ್ದೆವು. ಅದು ಹಿಂದಿ, ನಮಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಸುತ್ತುತ್ತಾ ಬರುವುದು ಅರ್ಥವಾಗುತ್ತಿತ್ತು, ಅಷ್ಟು ಸಾಕಾಗಿತ್ತು.

ಆಮೇಲೆ ನಮ್ಮ ಸೋದರಮಾವನ ಟ್ರಂಕು. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದಾಗ ಅಟ್ಟದ ಮೇಲೆ ಸಿಕ್ಕಿತು. ಅದರೊಳಗೆ ಹಳೆಯ ಕನ್ನಡ ಇಂದ್ರಜಾಲ ಕಾಮಿಕ್ಸ್. ಹಿರಿಯರು ಇದನ್ನು ಬಲ್ಲಿರಿ. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚ್‌ನಲ್ಲಿ ಶುರು ಮಾಡಿದ ಮಾಲಿಕೆ. 1990ರಲ್ಲಿ ನಿಲ್ಲುವ ಹೊತ್ತಿಗೆ 803 ಸಂಚಿಕೆಗಳು ಬಂದಿದ್ದವು. ಅದರ ದೊಡ್ಡ ಹೀರೋ ಫ್ಯಾಂಟಮ್. ಲೀ ಫಾಕ್ ಎಂಬ ಅಮೆರಿಕದ ಲೇಖಕ 1936ರಲ್ಲಿ ಸೃಷ್ಟಿಸಿದ ಪಾತ್ರ. ಅವನಿಗೆ ಹಾರಲು ಬರುವುದಿಲ್ಲ, ಗುಂಡು ತಗುಲಿದರೆ ರಕ್ತ ಬರುತ್ತದೆ. ತಂದೆ ಸತ್ತರೆ ಮಗ ಅದೇ ಮುಖವಾಡ ಹಾಕಿಕೊಳ್ಳುತ್ತಾನೆ. ಹಾಗೆ 400 ವರ್ಷ, ಇಪ್ಪತ್ತೊಂದು ತಲೆಮಾರು. ಕಾಡಿನ ಜನ ಮಾತ್ರ ಅವನು ಸಾಯುವುದೇ ಇಲ್ಲ ಎಂದು ನಂಬಿದ್ದಾರೆ. ತಂದೆ ಬಿಟ್ಟುಹೋದ ಕೆಲಸವನ್ನು ಮಗ ಹಿಡಿಯುವುದು ನಮ್ಮಂಥ ರೈತರ ಮಕ್ಕಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಕಾಮಿಕ್ಸ್ ಅಂದರೆ ಹೊರದೇಶದ ಸರಕು ಮಾತ್ರ ಎಂದು ತಿಳಿಯಬೇಡಿ. ಮನೆಮನೆಗೆ ತಲುಪಿದ ‘ಅಮರ ಚಿತ್ರ ಕಥೆ’ಯ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಅದಕ್ಕೆ ಕಾರಣರಾದವರು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್. ಈ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವರ ವಿಷಯಕ್ಕೆ ಮತ್ತೆ ಬರುತ್ತೇನೆ.

2001ರಲ್ಲಿ ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದೆ. ಕಿಟಕಿ ಪಕ್ಕದ ಮೂರನೇ ಬೆಂಚು. ಪಕ್ಕದಲ್ಲಿ ಒಬ್ಬ ಹುಡುಗ. ಅವನ ಹೆಸರನ್ನು ಈ ಮೈಕಿನಲ್ಲಿ ಹೇಳಬಾರದು ಎಂದು ಅವನೇ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ‘ಹೇಳಿದ್ರೆ ಎದ್ದು ಹೋಗ್ತೀನಿ’ ಅಂದಿದ್ದಾನೆ. ಆದ್ದರಿಂದ ಗೆಳೆಯ ಎಂದಷ್ಟೇ ಕರೆಯುತ್ತೇನೆ. ಊರಿನವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ.

ಅವನು ಚಿತ್ರ ಬಿಡಿಸುತ್ತಿದ್ದ. ಸಮಾಜ ಪಾಠದ ಪುಸ್ತಕದಲ್ಲಿ ಅಶೋಕ ಚಕ್ರವರ್ತಿಗೆ ಮೀಸೆ ಬರೆಯುವುದು ನಾವೆಲ್ಲ ಮಾಡಿದ ಕೆಲಸ. ಅವನು ಅದೇ ಪುಟದ ಅಂಚಿನಲ್ಲಿ ಕಳಿಂಗ ಯುದ್ಧವನ್ನೇ ಬಿಡಿಸುತ್ತಿದ್ದ. ನನಗೆ ಚಿತ್ರ ಬರದು, ಕಥೆ ಹೇಳುವುದು ಬರುತ್ತಿತ್ತು. ಇಬ್ಬರೂ ಸೇರಿ ಇನ್ನೂರು ಪುಟದ ಒಂದು ರೂಲ್ ನೋಟ್‌ಬುಕ್ಕಿನಲ್ಲಿ ನಮ್ಮದೇ ಸೂಪರ್‌ಹೀರೋ ಕಥೆ ಶುರು ಮಾಡಿದೆವು. ಅವನ ಹೆಸರು ‘ತ್ರೀ ಫೇಸ್ ವೀರ’.

ಅವನೊಬ್ಬ ಲೈನ್‌ಮನ್. ಒಂದು ಮಳೆಗಾಲದ ರಾತ್ರಿ ಟಿ.ಸಿ. ರಿಪೇರಿ ಮಾಡುವಾಗ ಸಿಡಿಲು ಬಡಿದು ಅವನ ಮೈಯಲ್ಲಿ ಕರೆಂಟು ಸೇರಿಕೊಳ್ಳುತ್ತದೆ. ತೊಂದರೆ ಏನೆಂದರೆ, ತ್ರೀ ಫೇಸ್ ಕರೆಂಟ್ ಇದ್ದಾಗ ಮಾತ್ರ ಅವನಿಗೆ ಶಕ್ತಿ. ಸಿಂಗಲ್ ಫೇಸ್ ಇದ್ದರೆ ಬರೀ ನಡೆದಾಡಬಲ್ಲ. ಕರೆಂಟ್ ಹೋದರೆ ಅಲ್ಲೇ ಕೂರುತ್ತಾನೆ. ಅದಕ್ಕೇ ನಮ್ಮ ವೀರನ ಸಾಹಸಗಳೆಲ್ಲ ರಾತ್ರಿ ಹನ್ನೆರಡರ ಮೇಲೆ, ಮೋಟ್ರು ಹಾಕಲು ರೈತರು ತೋಟಕ್ಕೆ ಹೋಗುವ ಹೊತ್ತಿನಲ್ಲೇ ನಡೆಯುತ್ತಿದ್ದವು.

ಇದು ಕ್ಲಾಸಿನಲ್ಲೆಲ್ಲ ಕೈ ಬದಲಾಯಿಸಿತು. ಕೊನೆಗೆ ವಿಜ್ಞಾನದ ಪೀರಿಯಡ್‌ನಲ್ಲಿ ಸಿಕ್ಕಿಬಿತ್ತು. ಮೇಷ್ಟ್ರು ನೋಟ್‌ಬುಕ್ ತೆಗೆದುಕೊಂಡು ಹೋದರು. ಎರಡು ದಿನ ನಮಗೆ ನಿದ್ದೆಯಿಲ್ಲ. ಮೂರನೇ ದಿನ ಸ್ಟಾಫ್ ರೂಮಿಗೆ ಕರೆದು ವಾಪಸ್ಸು ಕೊಟ್ಟರು. ಒಳಗೆ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಒಂದು ಕಡೆ, ‘ವೋಲ್ಟೇಜ್ ಹರಿಯುವುದಿಲ್ಲ, ಕರೆಂಟ್ ಹರಿಯುತ್ತದೆ.’ ಇನ್ನೊಂದು ಕಡೆ, ‘ಇದನ್ನು ಓದಿ ಚಿಕ್ಕ ಮಕ್ಕಳು ಟಿ.ಸಿ. ಮುಟ್ಟಿದರೆ ಯಾರು ಹೊಣೆ? ಮೊದಲ ಪುಟದಲ್ಲಿ ಎಚ್ಚರಿಕೆ ಬರೆಯಿರಿ.’ ರಟ್ಟಿನ ಮೇಲೆ ನಾನು ನನ್ನ ಹೆಸರನ್ನು ದೊಡ್ಡದಾಗಿ ಬರೆದಿದ್ದೆ. ಅದರ ಕೆಳಗೆ ಅವರ ಪ್ರಶ್ನೆ: ‘ಚಿತ್ರ ಯಾರದು?’

ಆವತ್ತೇ ಇಬ್ಬರ ಹೆಸರೂ ಬರೆದೆವು. ಅವನ ಹೆಸರು ಮೊದಲು, ನನ್ನದು ಆಮೇಲೆ. ಆ ಮೇಷ್ಟ್ರು ಇವತ್ತು ಇಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಸಾರ್, ನೀವು ಅವತ್ತು ಕೇಳಿದ ಪ್ರಶ್ನೆಯನ್ನು ನಾನು ನಡುವೆ ಮರೆತುಬಿಟ್ಟೆ. ಅದನ್ನೇ ಹೇಳಲು ಬಂದಿದ್ದೇನೆ.

ನಿಮ್ಮಂಥ ಮೇಷ್ಟ್ರು ಸಿಗುವುದು ಎಷ್ಟು ಅಪರೂಪ ಎಂಬುದು ನನಗೆ ಆಮೇಲೆ ಓದಿದಾಗ ತಿಳಿಯಿತು. ಅಮೆರಿಕದಲ್ಲಿ 1940ರ ದಶಕದ ಕೊನೆಗೆ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ದೊಡ್ಡ ಗಲಾಟೆ ಎದ್ದಿತು. 1948ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್ ಎಂಬ ಊರಿನಲ್ಲಿ ಮಕ್ಕಳಿಂದಲೇ ಎರಡು ಸಾವಿರದಷ್ಟು ಕಾಮಿಕ್ಸ್ ಕೂಡಿಸಿ ಶಾಲೆಯ ಬಯಲಿನಲ್ಲಿ ಸುಟ್ಟರು. 1954ರಲ್ಲಿ ಫ್ರೆಡ್ರಿಕ್ ವರ್ತಮ್ ಎಂಬ ಮನೋವೈದ್ಯರು ಇದರ ಮೇಲೆ ಪುಸ್ತಕ ಬರೆದರು, ಸೆನೆಟ್ಟಿನಲ್ಲಿ ವಿಚಾರಣೆ ನಡೆಯಿತು, ಪ್ರಕಾಶಕರೇ ಹೆದರಿ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಸುಮಾರು ಅರವತ್ತು ವರ್ಷದ ಮೇಲೆ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಆ ವೈದ್ಯರ ಕಾಗದಪತ್ರಗಳನ್ನು ತೆರೆದು ನೋಡಿದರು. ಅವರು ಮಕ್ಕಳ ಹೇಳಿಕೆಗಳನ್ನು ತಮಗೆ ಬೇಕಾದಂತೆ ತಿದ್ದಿದ್ದು ಗೊತ್ತಾಯಿತು. ಅಲ್ಲಿ ಸುಟ್ಟರು, ಇಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕೊಟ್ಟರು. ನಾನು ಎಂಜಿನಿಯರಿಂಗ್‌ನಲ್ಲಿ ಎಲೆಕ್ಟ್ರಿಕಲ್ ಪೇಪರ್ ಪಾಸಾಗಿದ್ದು ಆ ಕೆಂಪು ಶಾಯಿಯಿಂದ.

ಎಸ್.ಎಸ್.ಎಲ್.ಸಿ. ಆಯಿತು. ನಾನು ಪಾಸಾದೆ. ಗೆಳೆಯ ಗಣಿತದಲ್ಲಿ ಹೋದ. ನಾನು ಪಿ.ಯು.ಸಿ.ಗೆ ಹಾಸನಕ್ಕೆ, ಆಮೇಲೆ ಬಿ.ಇ.ಗೆ ಬೆಂಗಳೂರಿಗೆ ಹೋದೆ. ಅವನು ತಾಲ್ಲೂಕಿನಲ್ಲಿ ಬೋರ್ಡ್ ಬರೆಯುವವರ ಜೊತೆ ಕೆಲಸಕ್ಕೆ ಸೇರಿದ. ನೋಟ್‌ಬುಕ್ ನನ್ನ ಹತ್ತಿರವೇ ಉಳಿಯಿತು.

ಬೆಂಗಳೂರಿನಲ್ಲಿ ನನ್ನ ಹುಚ್ಚಿಗೆ ರೆಕ್ಕೆ ಬಂತು. ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿ. ಪಠ್ಯಪುಸ್ತಕ ಕೊಳ್ಳಲು ಹೋಗಿ ‘ಬ್ಯಾಟ್‌ಮ್ಯಾನ್’ ಹಿಡಿದುಕೊಂಡು ಬರುತ್ತಿದ್ದೆ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳ ಮಹಡಿ ಮೇಲೆ ನಿಂತೇ ಓದುತ್ತಿದ್ದೆ. ಸರ್ಕಾರಿ ಶಾಲೆಯಿಂದ ಹೋದ ನನಗೆ ಕಾಲೇಜಿನ ಇಂಗ್ಲಿಷ್ ಕಷ್ಟವಾಗಿತ್ತು. ಕಾಮಿಕ್ಸ್‌ನಲ್ಲಿ ಮಾತು ಅರ್ಥವಾಗದಿದ್ದರೆ ಚಿತ್ರ ಹೇಳುತ್ತದೆ. ಸಿಟ್ಟು ಯಾವುದು, ವ್ಯಂಗ್ಯ ಯಾವುದು ಮುಖ ನೋಡಿದರೆ ಗೊತ್ತಾಗುತ್ತದೆ. ನನಗೆ ಇಂಗ್ಲಿಷ್ ಮಾತಾಡಲು ಬಂದಿದ್ದು ಹಾಗೆ. ಮೊದಮೊದಲು ಸ್ವಲ್ಪ ಸೂಪರ್‌ಮ್ಯಾನ್ ಥರ ಮಾತಾಡುತ್ತಿದ್ದೆ ಎಂದು ಗೆಳೆಯರು ನಗುತ್ತಿದ್ದರು.

2010ರಲ್ಲಿ ಕೆಲಸ ಸಿಕ್ಕಿತು. ಓದುವ ಹುಡುಗ ಕೂಡಿಡುವವನಾದೆ. ಈ ಪ್ರಪಂಚವೇ ಬೇರೆ. 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ. ಆಗ ಅದರ ಬೆಲೆ ಹತ್ತು ಸೆಂಟ್. 2024ರ ಏಪ್ರಿಲ್‌ನಲ್ಲಿ, ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 50 ಕೋಟಿ ರೂಪಾಯಿ. ಯಾಕೆ ಅಷ್ಟು ಬೆಲೆ? ಆಗ ಅದನ್ನು ಯಾರೂ ಕೂಡಿಡಲಿಲ್ಲ. ಮಕ್ಕಳು ಓದಿ ಹರಿದರು, ತಾಯಂದಿರು ಎಸೆದರು, ಯುದ್ಧಕಾಲದಲ್ಲಿ ರದ್ದಿಗೆ ಹಾಕಿದರು. ಇದನ್ನು ಕೇಳಿ 1990ರ ಸುಮಾರಿಗೆ ಅಮೆರಿಕದಲ್ಲಿ ಎಲ್ಲರೂ ಕಾಮಿಕ್ಸ್ ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಲು ಶುರು ಮಾಡಿದರು. 1991ರಲ್ಲಿ ‘ಎಕ್ಸ್-ಮೆನ್’ ಒಂದನೇ ಸಂಚಿಕೆ 80 ಲಕ್ಷ ಪ್ರತಿ ಮಾರಾಟವಾಯಿತು. ಎಲ್ಲರ ಮನೆಯಲ್ಲೂ ಇದ್ದ ಮೇಲೆ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು? ಗುಳ್ಳೆ ಒಡೆಯಿತು. 1996ರ ಕೊನೆಗೆ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಟೊಮೆಟೊಗೆ ರೇಟು ಬಂತೆಂದು ಊರಿಗೆ ಊರೇ ಟೊಮೆಟೊ ಹಾಕಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.

ಕೂಡಿಡುವವರಿಂದ ನಾನು ಕಲಿತ ಒಂದು ಉಪಯೋಗದ ವಿಷಯ ಹೇಳುತ್ತೇನೆ, ಶಾಲೆಗೂ ಮನೆಗೂ ಬೇಕಾದದ್ದು. ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶವಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗಿ ಹುಡಿಯಾಗುತ್ತದೆ. ಅದಕ್ಕೇ ನಾವು ಒಂದೊಂದು ಪುಸ್ತಕದ ಹಿಂದೆ ಆಮ್ಲವಿಲ್ಲದ ರಟ್ಟು ಇಟ್ಟು, ಪಾಲಿಪ್ರೊಪಿಲೀನ್ ಚೀಲದಲ್ಲಿ ಹಾಕಿ, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ತೇವ ಎರಡೂ ಇಲ್ಲದ ಕಡೆ ಇಡುತ್ತೇವೆ. ನಿಮ್ಮ ಮನೆಯ ಹಳೇ ಫೋಟೋ, ಶಾಲೆಯ ದಾಖಲಾತಿ ಪುಸ್ತಕ ಇವಕ್ಕೂ ಇದೇ ನಿಯಮ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಅದನ್ನು ಮತ್ತೆ ಬಿಡಿಸಲು ಬರುವುದಿಲ್ಲ.

ಈಗ ಸಮ್ಮೇಳನಗಳ ವಿಷಯ. ನಮ್ಮಲ್ಲಿ ಸಾಹಿತ್ಯ ಸಮ್ಮೇಳನ ಇದ್ದಂತೆ ಕಾಮಿಕ್ಸ್ ಪ್ರಿಯರಿಗೆ ಕಾಮಿಕ್ ಕಾನ್. ಭಾರತದಲ್ಲಿ ಮೊದಲು ನಡೆದದ್ದು 2011ರಲ್ಲಿ ದೆಹಲಿಯಲ್ಲಿ. ಬೆಂಗಳೂರಿಗೆ 2012ರ ಸೆಪ್ಟೆಂಬರ್‌ನಲ್ಲಿ ಬಂತು, ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ. ಒಳಗೆ ಹೋದರೆ ಜಾತ್ರೆ. ಬ್ಯಾಟ್‌ಮ್ಯಾನ್ ವೇಷದವನೊಬ್ಬ ಬೆವರು ಒರೆಸಿಕೊಳ್ಳುತ್ತಾ ಚಹಾ ಕುಡಿಯುತ್ತಿದ್ದ. ಸಾಲು ಮೇಜುಗಳಲ್ಲಿ ಚಿತ್ರಗಾರರು ಕೂತು ತಮ್ಮ ಪುಸ್ತಕ ತಾವೇ ಮಾರುತ್ತಿದ್ದರು. ಕಾಮಿಕ್ಸ್ ಬರೆಯುವವರೂ ನನ್ನಂಥ ಮನುಷ್ಯರೇ ಎಂದು ಆವತ್ತು ಕಣ್ಣಾರೆ ಕಂಡೆ.

ಆಸೆ ಹುಟ್ಟಿತು. ತಪ್ಪು ಮಾಡಿದ್ದು ಇಲ್ಲೇ. ಅದಕ್ಕೂ ಮುಂಚೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ‘ತ್ರೀ ಫೇಸ್’ ಕಥೆಯನ್ನು ಇನ್ನೊಬ್ಬ ಸಹಪಾಠಿಯಿಂದ ಚಿತ್ರ ಬರೆಸಿ ನನ್ನ ಹೆಸರಿನಲ್ಲಿ ಹಾಕಿಸಿದ್ದೆ. 2013ರಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹದಿನಾರು ಪುಟದ ಪುಸ್ತಕ ಮಾಡಿ, ನೂರು ಪ್ರತಿ ಮುದ್ರಿಸಿ, ಬೆಂಗಳೂರಿನ ಕಾನ್‌ನಲ್ಲಿ ಹಂಚಿದೆ. ರಕ್ಷಾಪುಟದಲ್ಲಿ ‘ಸೃಷ್ಟಿ ಮತ್ತು ಕಥೆ’ ಎಂದು ನನ್ನದೊಂದೇ ಹೆಸರು. ನಮ್ಮ ಲೈನ್‌ಮನ್‌ಗೆ ನೀಲಿ ಬಿಗಿ ಉಡುಪು, ಬೆನ್ನಿಗೆ ಹಾರುವ ಬಟ್ಟೆ. ಜನ ಹೊಗಳಿದರು. ‘ಈ ಐಡಿಯಾ ಹೇಗೆ ಬಂತು?’ ಎಂದು ಕೇಳಿದವರಿಗೆಲ್ಲ ಹಳ್ಳಿಯ ಕರೆಂಟಿನ ಕಥೆ ಹೇಳಿ ನಗಿಸುತ್ತಿದ್ದೆ.

ಊರಿಗೆ ಬಂದಾಗ ಹೆಮ್ಮೆಯಿಂದ ಒಂದು ಪ್ರತಿ ಗೆಳೆಯನಿಗೂ ಕೊಟ್ಟೆ. ಅವನು ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಬಣ್ಣ ಹೊಡೆಯುತ್ತಿದ್ದ. ಕೈ ಒರೆಸಿಕೊಂಡು ಒಂದೊಂದೇ ಪುಟ ತಿರುವಿದ. ರಕ್ಷಾಪುಟವನ್ನು ಇನ್ನೊಂದು ಸಲ ನೋಡಿದ. ‘ಚೆನ್ನಾಗ್ ಬಂದೈತೆ ಕಣೋ’ ಅಂದು ವಾಪಸ್ಸು ಕೊಟ್ಟ. ಇಟ್ಟುಕೋ ಅಂದೆ. ‘ಕೈಯೆಲ್ಲ ಬಣ್ಣ, ಕೊಳೆ ಆಗೋಯ್ತದೆ’ ಅಂದ. ಅಷ್ಟೇ. ನನಗೆ ಏನೂ ಅನ್ನಿಸಲಿಲ್ಲ. ನಿಜವಾಗಿ ಹೇಳುತ್ತೇನೆ, ಆವತ್ತು ಏನೂ ಅನ್ನಿಸಲಿಲ್ಲ.

2019ರಲ್ಲಿ ಆಫೀಸಿನ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದೆ. ಅದೃಷ್ಟಕ್ಕೆ ಸ್ಯಾನ್ ಡಿಯಾಗೋ ಕಾಮಿಕ್ ಕಾನ್‌ಗೆ ಒಂದು ದಿನದ ಪಾಸು ಸಿಕ್ಕಿತು. ಅದು ಅವರ 50ನೇ ಸಮ್ಮೇಳನ, ನಮ್ಮ ಶಾಲೆಯ ಹಾಗೆ. 1970ರಲ್ಲಿ ಕೆಲವು ಹದಿಹರೆಯದ ಹುಡುಗರು ಮತ್ತು ಒಬ್ಬಿಬ್ಬರು ದೊಡ್ಡವರು ಸೇರಿ ಒಂದು ಹೋಟೆಲಿನಲ್ಲಿ ಶುರು ಮಾಡಿದ್ದು. ಆ ವರ್ಷದ ಆಗಸ್ಟಿನ ಮೂರು ದಿನಗಳ ಸಮ್ಮೇಳನಕ್ಕೆ ಬಂದವರು ಮುನ್ನೂರು ಜನ. ನಾನು ಹೋದಾಗ ಒಂದು ಲಕ್ಷಕ್ಕೂ ಮೀರಿ ಜನ. ದೊಡ್ಡ ಸಭಾಂಗಣದಲ್ಲಿ ಸಿನಿಮಾ ನಟರನ್ನು ನೋಡಲು ಹಿಂದಿನ ರಾತ್ರಿಯಿಂದಲೇ ಜನ ಸಾಲಿನಲ್ಲಿ ಮಲಗುತ್ತಾರೆ. ನನಗೆ ಆ ಸಾಲಿನಲ್ಲಿ ನಿಲ್ಲಲು ಆಗಲಿಲ್ಲ. ಮಹಡಿಯ ಮೇಲಿನ ಸಣ್ಣ ಕೊಠಡಿಯೊಂದರಲ್ಲಿ ಹಳೆಯ ಬರಹಗಾರರ ಬಗ್ಗೆ ಮಾತುಕತೆ ನಡೆಯುತ್ತಿತ್ತು, ಕಾಲು ನೋಯುತ್ತಿದ್ದುದರಿಂದ ಅಲ್ಲಿ ಹೋಗಿ ಕೂತೆ.

ಅಲ್ಲಿ ಬಿಲ್ ಫಿಂಗರ್ ಹೆಸರು ಬಂತು. ಬ್ಯಾಟ್‌ಮ್ಯಾನ್ 1939ರಲ್ಲಿ ಹುಟ್ಟಿದ. ಸೃಷ್ಟಿಕರ್ತ ಬಾಬ್ ಕೇನ್ ಎಂದೇ ಎಲ್ಲ ಕಡೆ ಅಚ್ಚಾಗುತ್ತಿತ್ತು. ಆದರೆ ಕೇನ್ ಮೊದಲು ಬಿಡಿಸಿದವನಿಗೆ ಕೆಂಪು ಉಡುಪು, ಗಟ್ಟಿ ರೆಕ್ಕೆ, ಕಣ್ಣಿಗೊಂದು ಪಟ್ಟಿ ಇತ್ತು. ಕಿವಿಯಿರುವ ಮುಖವಾಡ ಹಾಕು, ರೆಕ್ಕೆಯ ಬದಲು ನಿಲುವಂಗಿ ಹಾಕು, ಬಣ್ಣ ಬೂದು ಇರಲಿ ಎಂದು ಹೇಳಿದವರು, ಮೊದಲ ಕಥೆ ಬರೆದವರು ಫಿಂಗರ್. ಅವರು 1974ರಲ್ಲಿ, ನಮ್ಮ ಶಾಲೆ ಶುರುವಾದ ವರ್ಷವೇ, ಹೆಸರಿಲ್ಲದೆ ತೀರಿಕೊಂಡರು. ಬ್ಯಾಟ್‌ಮ್ಯಾನ್ ಜೊತೆ ಅವರ ಹೆಸರನ್ನೂ ಹಾಕುತ್ತೇವೆಂದು ಕಂಪನಿ ಒಪ್ಪಿದ್ದು 2015ರಲ್ಲಿ. ಹಾಗೆ ಮರೆಯಾದ ಬರಹಗಾರರಿಗೆಂದು ಅವರ ಹೆಸರಿನಲ್ಲೇ ಈಗ ಆ ಸಮ್ಮೇಳನದಲ್ಲಿ ಪ್ರಶಸ್ತಿ ಕೊಡುತ್ತಾರೆ. 2005ರಲ್ಲಿ ಮೊದಲ ಸಲ ಅದು ಸಂದ ಇಬ್ಬರಲ್ಲಿ ಒಬ್ಬರು, ಆಗಲೇ ತೀರಿಹೋಗಿದ್ದ ಜೆರ್ರಿ ಸೀಗಲ್.

ಸೀಗಲ್ ಕಥೆಯನ್ನು ಮಕ್ಕಳು ಗಮನವಿಟ್ಟು ಕೇಳಬೇಕು. ಸೂಪರ್‌ಮ್ಯಾನ್ ಹುಟ್ಟಿದ್ದು ಒಂದು ಹೈಸ್ಕೂಲಿನ ಸ್ನೇಹದಿಂದ. ಕ್ಲೀವ್‌ಲ್ಯಾಂಡ್ ನಗರದ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು. ಜೆರ್ರಿ ಸೀಗಲ್ ಕಥೆ ಬರೆಯುತ್ತಿದ್ದ, ಜೋ ಶುಸ್ಟರ್ ಚಿತ್ರ ಬಿಡಿಸುತ್ತಿದ್ದ. ಇಬ್ಬರೂ ವಲಸೆ ಬಂದ ಬಡ ಯೆಹೂದಿ ಮನೆಯವರು. ಶುಸ್ಟರ್‌ಗೆ ಕಾಗದ ಕೊಳ್ಳಲು ದುಡ್ಡಿಲ್ಲದೆ ಅಂಗಡಿಯ ಕಟ್ಟುವ ಕಾಗದದ ಮೇಲೆ ಬರೆಯುತ್ತಿದ್ದ. ಶಾಲೆಯ ಪತ್ರಿಕೆಗೆ ಬರೆದರು, ತಾವೇ ಒಂದು ಸಣ್ಣ ಪತ್ರಿಕೆ ಮಾಡಿದರು. ವರ್ಷಗಟ್ಟಲೆ ಪ್ರಕಾಶಕರು ತಿರಸ್ಕರಿಸಿದ ಮೇಲೆ 1938ರಲ್ಲಿ ಸೂಪರ್‌ಮ್ಯಾನ್ ಅಚ್ಚಾಯಿತು. ಹದಿಮೂರು ಪುಟಕ್ಕೆ, ಪಾತ್ರದ ಹಕ್ಕೂ ಸೇರಿ, ಇಬ್ಬರಿಗೂ ಸಿಕ್ಕಿದ್ದು 130 ಡಾಲರ್. ಕಂಪನಿ ಕೋಟಿಗಳನ್ನು ಗಳಿಸಿತು. ಇವರ ಹೆಸರನ್ನು ಪುಸ್ತಕದಿಂದಲೇ ತೆಗೆದರು. 1975ರಲ್ಲಿ, ಅರವತ್ತು ದಾಟಿದ ಮೇಲೆ, ಇತರ ಚಿತ್ರಗಾರರು ಹೋರಾಡಿದ್ದರಿಂದ ತಲಾ ವರ್ಷಕ್ಕೆ 20,000 ಡಾಲರ್ ಪಿಂಚಣಿ ಬಂತು, ಹೆಸರೂ ವಾಪಸ್ಸು ಬಂತು. ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ಕು ಇದೆಯಲ್ಲ, ಅದು 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು.

ಇನ್ನೊಂದು ವಿಷಯ. ಸೀಗಲ್ ತಂದೆಗೆ ಹಳೇ ಬಟ್ಟೆಯ ಅಂಗಡಿ ಇತ್ತು. 1932ರ ಜೂನ್ ತಿಂಗಳ ಒಂದು ರಾತ್ರಿ ಅಂಗಡಿಗೆ ಕಳ್ಳರು ನುಗ್ಗಿದಾಗ ಅವರು ಕುಸಿದುಬಿದ್ದು ತೀರಿಕೊಂಡರು. ಯಾವ ಗುಂಡೂ ತಾಗದ, ಯಾರನ್ನಾದರೂ ಸರಿಯಾದ ಹೊತ್ತಿಗೆ ಉಳಿಸಬಲ್ಲ ಮನುಷ್ಯನನ್ನು ಆ ಹುಡುಗ ಆಮೇಲೆ ಕಲ್ಪಿಸಿಕೊಂಡ. ಆ ರಾತ್ರಿಗೂ ಈ ಪಾತ್ರಕ್ಕೂ ಸಂಬಂಧವಿದೆ ಎಂದು ಕೆಲವರು ಹೇಳುತ್ತಾರೆ.

ಇದನ್ನು ಕೇಳಿಸಿಕೊಳ್ಳುತ್ತಾ ಆ ಕೊಠಡಿಯಲ್ಲಿ ನನಗೆ ಮೈ ಬೆವರಿತು.

ನನ್ನ ಗೆಳೆಯನ ತಂದೆ ಲೈನ್ ಕೆಲಸಕ್ಕೆ ಹೋಗುತ್ತಿದ್ದರು. ಊರಿನ ಹಿರಿಯರಿಗೆ ಗೊತ್ತು. ನಾವು ಆರನೇ ತರಗತಿಯಲ್ಲಿದ್ದಾಗ ಕಂಬದ ಮೇಲಿದ್ದಂತೆ ಲೈನಿಗೆ ಕರೆಂಟು ಬಂದು ಅವರು ತೀರಿಕೊಂಡರು. ಈ ಮಾತನ್ನು ಅವನ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಎರಡು ವರ್ಷದ ಮೇಲೆ ಅವನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬಿಡಿಸಿದ್ದು ಖಾಕಿ ಅಂಗಿ ಹಾಕಿ, ಸೊಂಟಕ್ಕೆ ಕಟಿಂಗ್ ಪ್ಲೇಯರ್ ಸಿಕ್ಕಿಸಿಕೊಂಡು, ಬರಿಗೈಯಲ್ಲಿ ತಂತಿ ಹಿಡಿದು, ಏನೂ ಆಗದೆ ನಗುತ್ತಾ ನಿಂತ ಒಬ್ಬ ಮನುಷ್ಯನನ್ನು. ಸಿಂಗಲ್ ಫೇಸ್, ತ್ರೀ ಫೇಸ್ ತಮಾಷೆಯೆಲ್ಲ ನಾನು ಆಮೇಲೆ ಸೇರಿಸಿದ್ದು. ಕರೆಂಟು ತಾಗಿದರೂ ಸಾಯದ ಲೈನ್‌ಮನ್ ಅವನದು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆ, ನನಗೆ ಹೊಳೆದಿರಲಿಲ್ಲ. ಆ ಮನುಷ್ಯನಿಗೆ ಬಿಗಿ ಚಡ್ಡಿ ಹಾಕಿಸಿ, ನನ್ನ ಹೆಸರು ಬರೆದುಕೊಂಡು, ಅವನ ಕೈಗೇ ತಂದು ಕೊಟ್ಟಿದ್ದೆ.

ವಾಪಸ್ಸು ಬಂದ ತಕ್ಷಣ ಅವನಿಗೆ ಹೇಳಿಬಿಟ್ಟೆ ಎಂದು ಹೇಳಲು ಇಷ್ಟ. ಆದರೆ ಹಾಗಾಗಲಿಲ್ಲ. ಕೊರೊನಾ ಬಂತು ಎಂದು ಒಂದು ನೆಪ, ಕೆಲಸ ಎಂದು ಇನ್ನೊಂದು. ಐದು ವರ್ಷ ಹಾಗೇ ಹೋಯಿತು. ಈ ಮಹೋತ್ಸವಕ್ಕೆ ಎರಡು ವಾರ ಮುಂಚೆ ಬಂದಾಗ ಅವನು ಇದೇ ಶಾಲೆಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ನೀವೆಲ್ಲ ಬರುವಾಗ ನೋಡಿದ ವಿಜ್ಞಾನಿಗಳ ಚಿತ್ರಗಳು, ಕರ್ನಾಟಕದ ನಕ್ಷೆ ಅವನ ಕೈಯಿಂದಲೇ ಬಂದದ್ದು. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವ ಕೆಲಸ ಹೋಯಿತು. ಗಾಡಿ, ಗೋಡೆ, ನಂಬರ್ ಪ್ಲೇಟ್ ಇವುಗಳಲ್ಲಿ ಅವನ ಸಂಸಾರ ನಡೆಯುತ್ತಿದೆ.

ಏಣಿಯ ಕೆಳಗೆ ನಿಂತು ಎಲ್ಲ ಹೇಳಿದೆ. ‘ತಪ್ಪಾಯ್ತು ಕಣೋ’ ಅಂದೆ. ಅವನು ಕೆಳಗಿಳಿಯಲಿಲ್ಲ. ‘ಬಣ್ಣ ಒಣಗ್ತಾ ಐತೆ, ತಡಿ’ ಅಂದ. ಕಾದೆ. ನಕ್ಷೆಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಬಣ್ಣ ಮುಗಿಸಿ ಇಳಿದ. ಕೈ ತೊಳೆದುಕೊಂಡು ಬಂದು ಕೂತ. ‘ಹೆಸರಿಂದು ಬಿಡು. ಅವ್ನಿಗ್ ಯಾಕೋ ಆ ಬಟ್ಟೆ ಹಾಕ್ಸಿದ್ದೆ? ಅಪ್ಪ ಖಾಕಿ ಬಿಟ್ಟು ಬೇರೆ ಹಾಕ್ತಿರಲಿಲ್ಲ’ ಅಂದ. ನಾನು ಏನು ಉತ್ತರ ಕೊಡಲಿ? ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಆಮೇಲೆ, ‘ನೋಟ್‌ಬುಕ್ ಐತಾ ಇನ್ನೂ?’ ಎಂದು ಕೇಳಿದ.

ಇದೆ. ನನ್ನ 1,400 ಪುಸ್ತಕಗಳಲ್ಲಿ ಅದಕ್ಕೇ ಎಲ್ಲಕ್ಕಿಂತ ಒಳ್ಳೆಯ ರಟ್ಟು, ಒಳ್ಳೆಯ ಚೀಲ ಹಾಕಿಟ್ಟಿದ್ದೆ. ಪುಸ್ತಕವನ್ನು ಜೋಪಾನ ಮಾಡಿದ್ದೆ, ಬರೆದವನನ್ನು ಮರೆತಿದ್ದೆ. ಇವತ್ತು ಅದು ಒಂಬತ್ತನೇ ‘ಎ’ ವಿಭಾಗದ ಕೊಠಡಿಯ ಪ್ರದರ್ಶನದಲ್ಲಿ, ಚೀಲದಿಂದ ಹೊರಗೆ, ಮೇಜಿನ ಮೇಲಿದೆ. ಮಕ್ಕಳು ಮುಟ್ಟಿ ತಿರುವಿ ನೋಡಬಹುದು. ರಟ್ಟಿನ ಮೇಲೆ ಎರಡು ಹೆಸರಿವೆ, ಕೆಂಪು ಶಾಯಿಯ ಪ್ರಶ್ನೆಯೂ ಇದೆ. ಮೈಕಿನಲ್ಲಿ ಹೇಳಬಾರದು ಎಂದು ಅವನು ಮಾತು ತೆಗೆದುಕೊಂಡಿದ್ದಾನೆ, ಓದಬಾರದು ಅಂದಿಲ್ಲ.

ಮುಗಿಸುವ ಮುಂಚೆ ಎರಡು ವಿಷಯ. ನನ್ನ ಸಂಗ್ರಹದಿಂದ ಇನ್ನೂರು ಪುಸ್ತಕಗಳನ್ನು, ಕನ್ನಡದವು ಇಂಗ್ಲಿಷಿನವು ಎರಡೂ ಸೇರಿಸಿ, ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ. ಗ್ರಂಥಪಾಲಕರಾಗಿರುವ ಮೇಡಂ ಅವರಲ್ಲಿ ಒಂದೇ ಬೇಡಿಕೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹರಿದರೆ ಹರಿಯಲಿ, ಮತ್ತೆ ತರುತ್ತೇನೆ.

ಎರಡನೆಯದು, ನಿಂತುಹೋಗಿರುವ ನಮ್ಮ ಗೋಡೆ ಪತ್ರಿಕೆಯನ್ನು ಮಕ್ಕಳು ಮತ್ತೆ ಶುರು ಮಾಡಬೇಕು. ಬೋರ್ಡು ಮಾಡಿಕೊಡಲು ಗೆಳೆಯ ಒಪ್ಪಿದ್ದಾನೆ. ‘ತ್ರೀ ಫೇಸ್ ವೀರ’ನ ಹೊಸ ಕಥೆ ತಿಂಗಳಿಗೊಂದು ಪುಟ ಅದರಲ್ಲಿ ಬರುತ್ತದೆ, ಖಾಕಿ ಅಂಗಿಯಲ್ಲೇ. ನೀವೂ ಬರೆಯಿರಿ. ಕಥೆ ಯಾರದು, ಚಿತ್ರ ಯಾರದು, ಅಕ್ಷರ ದುಂಡಗೆ ಬರೆದುಕೊಟ್ಟವರು ಯಾರು, ಎಲ್ಲರ ಹೆಸರೂ ಹಾಕಿ. ಗೆಳೆಯ ‘ಬೇಡ ಬಿಡು’ ಅಂದರೂ ಹಾಕಿ. ನಾನು ಹಾಕದೇ ಹೋದದ್ದು ಹನ್ನೊಂದು ವರ್ಷ ನನ್ನ ಜೊತೆ ಬಂತು. ಮೊದಲ ಪುಟದಲ್ಲಿ ಟಿ.ಸಿ. ಮುಟ್ಟಬಾರದು ಎಂಬ ಎಚ್ಚರಿಕೆಯನ್ನೂ ಮರೆಯಬೇಡಿ, ಇಲ್ಲವಾದರೆ ನಮ್ಮ ಮೇಷ್ಟ್ರು ಮತ್ತೆ ಕೆಂಪು ಪೆನ್ನು ತೆಗೆಯುತ್ತಾರೆ.

ಇಪ್ಪತ್ತು ನಿಮಿಷ ಮೀರಿದ್ದಕ್ಕೆ ಸಮಿತಿಯವರು ಕ್ಷಮಿಸಬೇಕು. ಮಕ್ಕಳೇ, ಊಟ ರೆಡಿಯಾಗಿದೆಯಂತೆ.